ರಾಮಾಂಜಿನಪ್ಪ ಆಂಪ್ಲಿಫೈಯರ್ ರಿಪೇರಿ ಮಾಡಿದ್ದು

ರಾಮಾಂಜಿನಪ್ಪನಿಗೆ ರೇಡಿಯೋ ರಿಪೇರಿ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವನು ರಾಮಾಂಜಿನಪ್ಪನೇ. ಎರಡನೆಯವನು ನಾನು ಎಂದು ಒಪ್ಪಿಕೊಳ್ಳಬೇಕು. ಅದು ಸುಳ್ಳೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಪೀಣ್ಯದಲ್ಲಿ ಬೋಲ್ಟು-ನಟ್ಟು ಮಾಡುವ ನಮ್ಮ ಕಾರ್ಖಾನೆಯಲ್ಲಿ ಅವನು ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಲ್ಲುವವನು. ನಾನು ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತ. ಒಂದು ಮಧ್ಯಾಹ್ನ ಕ್ಯಾಂಟೀನಿನ ರೇಡಿಯೋ ಇದ್ದಕ್ಕಿದ್ದಂತೆ ಮೂಕವಾಯಿತು. ರಾಮಾಂಜಿನಪ್ಪ ಊಟ ಬಿಟ್ಟು ಎದ್ದುಹೋಗಿ, ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಬಹಳ ಹೊತ್ತು ದೃಷ್ಟಿಯಿಟ್ಟು, “ಕಂಡೆನ್ಸರ್ ವೀಕಾಗೈತೆ” ಎಂದು ಘೋಷಿಸಿ, ಮುಚ್ಚಳ ಹಾಕಿದ. ಹಾಕುವಾಗ ಅವನ ಮೊಣಕೈ ತಗುಲಿ, ಗೋಡೆಯಲ್ಲಿ ಸಡಿಲವಾಗಿದ್ದ ಪ್ಲಗ್ಗು ಸರಿಯಾಗಿ ಕೂತಿತು. ರೇಡಿಯೋ ಮಾತಾಡಿತು. ನೂರೈವತ್ತು ಜನ ಚಪ್ಪಾಳೆ ತಟ್ಟಿದರು. ಪ್ಲಗ್ಗನ್ನು ನೋಡಿದ್ದವನು ನಾನೊಬ್ಬನೇ. ಅವನ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಕೆಡಿಸುವಷ್ಟು ಕಟುಕನಾಗಲು ನನ್ನಿಂದ ಆಗಲಿಲ್ಲ. ಆಗಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

೧೯೮೩ರ ಆಷಾಢದಲ್ಲಿ ನಮ್ಮ ಕಾರ್ಖಾನೆಯಲ್ಲಿ ಮುನಿಯಣ್ಣ ಸತ್ತ. ಭಾರದ ಅಚ್ಚುಗಳನ್ನು ಸರಪಳಿಗೆ ಬಿಗಿದು ಕ್ರೇನಿನಿಂದ ಎತ್ತಿಸುವುದು ಅವನ ಕೆಲಸ. ಸರಪಳಿ ಸವೆದಿದೆ ಎಂದು ಸೂಪರ್‌ವೈಸರನಿಗೆ ಮೂರು ಸಲ ಹೇಳಿದ್ದ. ನಾಲ್ಕನೆಯ ಸಲ ಅವನು ಹೇಳುವ ಮೊದಲು ಸರಪಳಿಯೇ ಹೇಳಿಬಿಟ್ಟಿತು. ಆಡಳಿತದವರು ಅರ್ಧ ದಿನ ಮೆಷಿನ್ನುಗಳನ್ನು ನಿಲ್ಲಿಸಿ, ಒಂದು ಸುಗಂಧರಾಜದ ಹಾರ ಕಳಿಸಿ, ಮರುದಿನ ಅದೇ ಜಾಗದಲ್ಲಿ ಅದೇ ಅಚ್ಚನ್ನು ಬೇರೆ ಸರಪಳಿಯಿಂದ ಎತ್ತಿಸಿದರು.

ಮುನಿಯಣ್ಣನ ಹೆಂಡತಿ ಈಶ್ವರಮ್ಮ ಚಿಕ್ಕಬಾಣಾವರದವಳು. ಎರಡು ಹೆಣ್ಣುಮಕ್ಕಳು. ತನಗೆ ಪ್ಯಾಕಿಂಗ್ ವಿಭಾಗದಲ್ಲಿ ಒಂದು ಕೆಲಸ ಕೊಡಬೇಕೆಂದು ಅರ್ಜಿ ಬರೆಸಿ ತಂದಳು. ಪರ್ಸನಲ್ ಆಫೀಸರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಕನ್ಸಿಡರ್ ಮಾಡ್ತೀವಮ್ಮ” ಎಂದು ಟ್ರೇಯಲ್ಲಿ ಇಟ್ಟರು. ಆ ಟ್ರೇ ನನಗೆ ಗೊತ್ತು. ಅದರಲ್ಲಿ ಇಟ್ಟದ್ದು ಯಾವುದೂ ತಾನಾಗಿ ಎದ್ದುಬಂದ ಇತಿಹಾಸವಿಲ್ಲ.

ಯೂನಿಯನ್ ಸುಮ್ಮನಿರಲಿಲ್ಲ. ಕಾರ್ಯದರ್ಶಿ ನರಸಿಂಹಯ್ಯ ಗೇಟಿನ ಮುಂದೆ ಶುಕ್ರವಾರ ಸಂಜೆ ಶ್ರದ್ಧಾಂಜಲಿ ಸಭೆ ಎಂದು ಸಾರಿದರು. ನರಸಿಂಹಯ್ಯನವರದು ಬರಿಗಂಟಲಿನಲ್ಲೇ ಎರಡು ಶೆಡ್ಡಿಗೆ ಕೇಳಿಸುವ ಭಾಷಣ. ಆದರೆ ಮ್ಯಾನೇಜರ್ ಕೂರುವುದು ಮಹಡಿಯ ಮೇಲೆ, ಗಾಜಿನ ಕಿಟಕಿಯ ಹಿಂದೆ. ಮೈಕು ಬೇಕೇ ಬೇಕು. ದಾಸರಹಳ್ಳಿಯ ಮೈಕ್‌ಸೆಟ್‌ನವನು ಯಾರದೋ ಮಾತಿಗೆ ಹೆದರಿ, ನನಗೆ ಆ ದಿನ ಮದುವೆ ಇದೆ ಎಂದ. ಆಷಾಢದಲ್ಲಿ ಯಾವ ಮದುವೆಯಯ್ಯಾ ಎಂದು ಕೇಳಿದ್ದಕ್ಕೆ ಅಂಗಡಿಯ ಬಾಗಿಲು ಹಾಕಿಕೊಂಡ.

ಆಗ ರಾಮಾಂಜಿನಪ್ಪ ಎದ್ದು ನಿಂತ.

“ನಮ್ ದೊಡ್ಡಪ್ಪನ ಅಟ್ಟದ ಮ್ಯಾಲೆ ಒಂದು ಆಂಪ್ಲಿಫೈಯರ್ ಐತೆ. ಹಳೇದು. ನಾಲ್ಕು ದಿನ ಕೊಡಿ, ನಾನು ಸರಿ ಮಾಡ್ತೀನಿ.”

“ನಿಮ್ಮಿಂದ ಆಗುತ್ತಾ ಕಾಮ್ರೇಡ್?” ಎಂದರು ನರಸಿಂಹಯ್ಯ.

“ಕ್ಯಾಂಟೀನ್ ರೇಡಿಯೋ ಮಾಡಿಲ್ವಾ?” ಎಂದು ಹತ್ತು ಜನ ಒಟ್ಟಿಗೆ ಕೂಗಿದರು. ನಾನು ನೆಲ ನೋಡಿದೆ.

ಅವನು ಜಂಬಕ್ಕಾಗಿ ಮಾತ್ರ ಒಪ್ಪಿಕೊಂಡನೆಂದರೆ ಅನ್ಯಾಯವಾಗುತ್ತದೆ. ಏಳು ವರ್ಷ ಅವನೂ ಮುನಿಯಣ್ಣನೂ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದವರು. ಮುನಿಯಣ್ಣನನ್ನು ಅಚ್ಚಿನ ಕೆಳಗಿನಿಂದ ತೆಗೆದ ನಾಲ್ವರಲ್ಲಿ ಅವನೂ ಒಬ್ಬ. ಆಮೇಲೆ ಒಂದು ವಾರ ಆ ಬೆಂಚಿನಲ್ಲಿ ಕೂರದೆ ನಿಂತೇ ಉಂಡಿದ್ದ. ಅವನಿಗೆ ಏನಾದರೂ ಮಾಡಬೇಕಾಗಿತ್ತು. ಮಾಡಲು ಬರುತ್ತದೆ ಎಂದು ಊರೆಲ್ಲ ನಂಬಿದ್ದದ್ದು ಇದೊಂದೇ.

ದೊಡ್ಡಪ್ಪ ಹನುಮಂತರಾಯಪ್ಪ ಬಾಗಲಗುಂಟೆಯ ಹಳೆಯ ಕುಳ. ಹೊಲವಿದ್ದ ಕಡೆ ಈಗ ಹನ್ನೊಂದು ಬಾಡಿಗೆ ಕೋಣೆ ಕಟ್ಟಿಸಿ, ಜಗಲಿಯ ಮೇಲೆ ಕೂತು ಬಾಡಿಗೆದಾರರು ಎಷ್ಟು ಕೊಡ ನೀರು ಹಿಡಿದರೆಂದು ಎಣಿಸುತ್ತಿದ್ದರು. ಆಂಪ್ಲಿಫೈಯರನ್ನು ಊರ ನಾಟಕಕ್ಕೆಂದು ಮೂವತ್ತು ವರ್ಷದ ಹಿಂದೆ ತರಿಸಿದ್ದು ಅವರೇ.

“ದುರ್ಯೋಧನನ ಪಾರ್ಟು ನಂದೇ ಕಣ್ಲಾ. ಇದ್ರಾಗೆ ನಾನು ಒಂದು ಸಲ ನಕ್ಕಿದ್ದು ಅಬ್ಬಿಗೆರೆಗೆ ಕೇಳ್ಸಿತ್ತು. ಅಲ್ಲಿ ಒಂದು ಎಮ್ಮೆ ಅಗ್ಗ ಕಿತ್ಕಂಡು ಓಯ್ತು.”

“ಈಗಲೂ ಕೇಳಿಸ್ತೀನಿ ದೊಡ್ಡಪ್ಪ.”

“ಕೇಳ್ಸು. ಆದ್ರೆ ಕೆಡಿಸ್ಬ್ಯಾಡ.”

ಕೆಡಿಸಲು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕಬ್ಬಿಣದ ಪೆಟ್ಟಿಗೆ, ಅದರ ಬೆನ್ನ ಮೇಲೆ ಇಟ್ಟಿಗೆಯಂಥ ಎರಡು ಟ್ರಾನ್ಸ್‌ಫಾರ್ಮರು, ಮಧ್ಯೆ ಧೂಳು ಹಿಡಿದ ನಾಲ್ಕು ಗಾಜಿನ ವಾಲ್ವು. ಅಡಿಯ ತಗಡು ಬಿಚ್ಚಿದಾಗ ಒಂದು ಇಲಿ ತನ್ನ ಸಂಸಾರದ ಸಮೇತ ಹೊರಗೆ ಬಂದು, ಭದ್ರಮ್ಮನ ಅಡುಗೆಮನೆಯೊಳಗೆ ಹೋಯಿತು. ಭದ್ರಮ್ಮ ರಾಮಾಂಜಿನಪ್ಪನ ಹೆಂಡತಿ. ಆಂಪ್ಲಿಫೈಯರಿನ ವಿಷಯದಲ್ಲಿ ಅವಳ ಅಭಿಪ್ರಾಯ ಆ ಕ್ಷಣದಲ್ಲೇ ನಿರ್ಧಾರವಾಯಿತು.

ವೈರುಗಳ ಮೇಲಿನ ಬಟ್ಟೆಯ ಹೊದಿಕೆಯನ್ನೆಲ್ಲ ಇಲಿ ತಿಂದಿತ್ತು. ರಾಮಾಂಜಿನಪ್ಪ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುವುದೆಂದು ತೀರ್ಮಾನಿಸಿ, ಕೀಳುವ ಮುಂಚೆ ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಎರಡು ಗಂಟೆ ಕಾಲ ನಕ್ಷೆ ಬರೆದ. ನಿಜಕ್ಕೂ ಅಚ್ಚುಕಟ್ಟಾದ ನಕ್ಷೆ. ಮರುದಿನ ಬೆಳಗ್ಗೆ ಸೀಮೆಎಣ್ಣೆ ಮುಗಿದಿದ್ದರಿಂದ ಭದ್ರಮ್ಮ ಸೌದೆ ಒಲೆ ಹೊತ್ತಿಸಿದಳು, ಆ ನಕ್ಷೆಯಿಂದ.

“ಮುಗಿದೋದ ತಿಂಗಳ ಹಾಳೆ ಅಲ್ವಾ, ಇಟ್ಕಂಡು ಏನ್ ಮಾಡ್ತೀಯ?” ಎಂದಳು.

ಹೀಗಾಗಿ ಮುಂದಿನ ಕೆಲಸ ಜ್ಞಾಪಕ ಮತ್ತು ದೈವಭಕ್ತಿಯ ಮೇಲೆ ನಡೆಯಿತು.

ಯಶವಂತಪುರದಲ್ಲಿ ನಲ್ಲಪ್ಪ ಎಂಬ ಹಳೇ ರೇಡಿಯೋ ಮೆಕ್ಯಾನಿಕ್ ಇದ್ದರು. ವಾಲ್ವು ಕೊಳ್ಳಲು ಹೋದಾಗ ಅವರು, “ಪೆಟ್ಟಿಗೇನೇ ತಂದ್ಬಿಡಪ್ಪ, ಒಂದು ಸಲ ನೋಡ್ತೀನಿ” ಎಂದರು. ರಾಮಾಂಜಿನಪ್ಪನಿಗೆ ಕಾರ್ಖಾನೆಯ ಚಪ್ಪಾಳೆ ನೆನಪಾಯಿತು. “ಬ್ಯಾಡಿ ಸಾರ್, ನಮ್ಗೂ ಲೈನ್ ಗೊತ್ತು” ಎಂದ. ಮೈಕಿಗೆ ಯಾವ ವೈರು ಹಾಕುತ್ತೀಯೆಂದು ಅವರು ಕೇಳಿದಾಗ, ಇದೆ ಸಾರ್ ಎಂದು ತಲೆಯಾಡಿಸಿದ. ಇದ್ದದ್ದು ಕಾಲಿಂಗ್ ಬೆಲ್ಲಿಗೆ ಎಳೆಯುವ ಹಳದಿ ವೈರು, ಮೂವತ್ತು ಗಜ.

ಗುರುವಾರ ಮೊದಲ ಪಾಳಿ ಮುಗಿಸಿ ಬಂದು ಸಂಜೆ ನಾಲ್ಕಕ್ಕೆ ಸ್ವಿಚ್ಚು ಹಾಕಿದ. ವಾಲ್ವುಗಳು ಮೆಲ್ಲಗೆ ಕೆಂಪಾದವು. ಪೆಟ್ಟಿಗೆ ಗುಂಯ್ ಎಂದಿತು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಬಂದ ಭದ್ರಮ್ಮ ಎರಡು ಅಡಿ ಹಿಂದಕ್ಕೆ ಹೋಗಿ ರಾಗಿ ಡಬ್ಬದ ಮೇಲೆ ಕೂತಳು.

“ಅಯ್ಯಯ್ಯೋ! ಕಚ್ತು! ಇದ್ಯಾವ ದೆವ್ವ ತಂದಿದ್ದೀಯ ಮನೆಗೆ?”

ರಾಮಾಂಜಿನಪ್ಪ ಪ್ಲಗ್ಗನ್ನು ತಿರುಗಿಸಿ ಹಾಕಿದ. ಕಚ್ಚುವುದು ನಿಂತಿತು. “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎಂದ. ಬೀದಿಯ ಕೊನೆಯ ಮನೆಯ ಅಶ್ವತ್ಥಮ್ಮ ಹೊರಗೆ ಬಂದು, ಯಾರು ಸತ್ತರು ಎಂದು ಕೇಳಿದಳು. ಕೇಳಿಸಿತು ಎಂಬುದಷ್ಟೇ ಅವನಿಗೆ ಮುಖ್ಯ. ಆ ದಿನ ಎರಡು ಮುದ್ದೆ ಹೆಚ್ಚಿಗೆ ಉಂಡ.

ಶುಕ್ರವಾರ ಸಂಜೆ ಐದೂವರೆಗೆ ಗೇಟಿನ ಮುಂದೆ ಮುನ್ನೂರು ಜನ ಸೇರಿದರು. ಕುರ್ಚಿಯ ಮೇಲೆ ಮುನಿಯಣ್ಣನ ಫೋಟೋ, ಹಾರ, ಊದುಬತ್ತಿ. ಕೆಳಗೆ ಚಾಪೆಯ ಮೇಲೆ ಈಶ್ವರಮ್ಮ, ಅಕ್ಕಪಕ್ಕ ಎರಡು ಹೆಣ್ಣುಮಕ್ಕಳು. ಪಕ್ಕದಲ್ಲಿ ಒಬ್ಬ ಇನ್ಸ್‌ಪೆಕ್ಟರು, ಇಬ್ಬರು ಪೇದೆ. ಎರಡು ಸ್ಪೀಕರ್ ಹಾರ್ನುಗಳನ್ನು ನೀಲಗಿರಿ ಮರಕ್ಕೆ ಬಿಗಿಯಲಾಗಿತ್ತು. ಕರೆಂಟು ರಸ್ತೆಯಾಚೆಯ ಸೊಣ್ಣಮ್ಮನ ಟೀ ಅಂಗಡಿಯದು. ಹಳದಿ ವೈರು ಕಾಂಪೌಂಡಿನ ಉದ್ದಕ್ಕೂ ತೋರಣದಂತೆ ತೂಗುತ್ತಿತ್ತು. ನಾನು ಟೈಮ್ ಆಫೀಸಿನ ಕಿಟಕಿಯಲ್ಲಿ, ಹತ್ತು ಅಡಿ ದೂರದಲ್ಲಿದ್ದೆ.

ನರಸಿಂಹಯ್ಯ ಒಂದು ಗಂಟೆ ಮಾತಾಡಿದರು. ಸರಪಳಿಯಿಂದ ಹೊರಟು ದೇಶದ ದುಡಿಯುವ ವರ್ಗದ ಸಕಲ ಸರಪಳಿಗಳಿಗೆ ಬಂದು ಮತ್ತೆ ಮುನಿಯಣ್ಣನಿಗೆ ಮರಳಿದರು. ಆರರ ನಂತರ ಅವರು ಉಸಿರು ತೆಗೆದುಕೊಳ್ಳುವಾಗಲೆಲ್ಲ ಹಾರ್ನಿನಲ್ಲಿ ಯಾರೋ ಗೊಣಗಿದಂತಾಗುತ್ತಿತ್ತು. ಸಭೆಯಲ್ಲಿ ಯಾರೋ ಮಾತಾಡುತ್ತಿದ್ದಾರೆಂದು ನರಸಿಂಹಯ್ಯ ಎರಡು ಸಲ ಗದರಿದರು. ಕೊನೆಗೆ, ಮಹಡಿಯ ಕಿಟಕಿಗೆ ತಾಗಲೆಂದು ಸೌಂಡು ಏರಿಸುವಂತೆ ಕೈ ಮಾಡಿದರು. ರಾಮಾಂಜಿನಪ್ಪ ಗುಬುಟನ್ನು ಕೊನೆಯವರೆಗೆ ತಿರುಗಿಸಿದ. ಅದು ಅವನ ಕೈಗೇ ಬಂತು.

“ನಮ್ಮನ್ನಗಲಿದ ಸಂಗಾತಿಯ ಗೌರವಾರ್ಥ ಎರಡು ನಿಮಿಷ ಮೌನ. ಯಾರೂ ಅಲುಗಾಡಕೂಡದು. ಯಾರೂ ತುಟಿ ಬಿಚ್ಚಕೂಡದು” ಎಂದು ನರಸಿಂಹಯ್ಯ ಗಡಿಯಾರ ನೋಡಿ ತಲೆ ಬಗ್ಗಿಸಿದರು.

ಮುನ್ನೂರು ತಲೆ ಬಗ್ಗಿದವು. ಪೇದೆಗಳು ಟೋಪಿ ತೆಗೆದರು. ನೀಲಗಿರಿ ಮರದ ಮೇಲಿನಿಂದ ಒಂದು ಸೌಮ್ಯವಾದ, ವಿದ್ಯಾವಂತ ಗಂಡುದನಿ ಕೇಳಿಬಂತು.

“ಒಂದು ಕೋಳಿ ಸತ್ತಿತೆಂದು ದುಃಖಿಸುತ್ತ ಕೂರುವುದು ಬೇಡ. ಸತ್ತದ್ದನ್ನು ತಡಮಾಡದೆ ಆವರಣದಿಂದ ಆಚೆಗೆ ಸಾಗಿಸಬೇಕು.”

ಒಂದು ಹೆಣ್ಣುದನಿ ವಿನಯದಿಂದ ಕೇಳಿತು: “ಆ ಜಾಗವನ್ನು ಖಾಲಿ ಬಿಡಬೇಕೇ ಡಾಕ್ಟರೇ?”

“ಖಾಲಿ ಬಿಟ್ಟರೆ ನಷ್ಟ ಯಾರಿಗೆ? ಸುಣ್ಣ ಬಳಿದು ಹೊಸ ಕೋಳಿ ಬಿಡಿ. ಉತ್ಪಾದನೆ ಕುಂಠಿತವಾಗಬಾರದು.”

ಬಗ್ಗಿದ್ದ ಮುನ್ನೂರು ತಲೆಗಳಲ್ಲಿ ಅರ್ಧದಷ್ಟು ಓರೆಯಾಗಿ ಮೇಲೆದ್ದವು. ನರಸಿಂಹಯ್ಯ ಕಣ್ಣು ಬಿಟ್ಟು ಹಾರ್ನು ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ತುಟಿ ಬಿಚ್ಚಕೂಡದೆಂದು ವಿಧಿಸಿದವರು ಅವರೇ. ಗಡಿಯಾರದಲ್ಲಿ ಇನ್ನೂ ಒಂದೂವರೆ ನಿಮಿಷವಿತ್ತು.

“ಸತ್ತ ಹುಂಜದ ಜೊತೆಗಿದ್ದ ಹೇಂಟೆಗಳನ್ನು ಒಳಗೆ ಸೇರಿಸಬಹುದೇ ಡಾಕ್ಟರೇ?”

“ಖಂಡಿತ ಕೂಡದು. ಅವನ್ನು ಹೊರಗೇ ಇಡಿ.”

ರಾಮಾಂಜಿನಪ್ಪ ಗುಬುಟನ್ನು ಅದರ ಜಾಗದಲ್ಲಿ ಒತ್ತಿ ತಿರುಗಿಸಿದ. ಗುಬುಟು ಮಾತ್ರ ತಿರುಗಿತು. ಪೆಟ್ಟಿಗೆಯ ಸ್ವಿಚ್ಚನ್ನು ಮುಟ್ಟಿದ. ಪೆಟ್ಟಿಗೆ ಕಚ್ಚಿತು. ಸೊಣ್ಣಮ್ಮ ಟೀ ಅಂಗಡಿಯಲ್ಲಿ ಪ್ಲಗ್ಗನ್ನು ಹೇಗೆ ಹಾಕಿದ್ದಳೆಂದು ಅವನು ನೋಡಿರಲಿಲ್ಲ. ಉಳಿದದ್ದು ಒಂದೇ ದಾರಿ. ಮೌನಾಚರಣೆಯ ನಟ್ಟನಡುವೆ ಪಂಚೆ ಎತ್ತಿ ಕಟ್ಟಿಕೊಂಡು ರಸ್ತೆಯ ಕಡೆಗೆ ಓಡಿದ. ಮುನ್ನೂರು ಜನ ಅವನು ಓಡುವುದನ್ನು ನೋಡಿದರು.

“ಇನ್ನು, ಒಂದನ್ನೊಂದು ಕುಕ್ಕಿ ಗಲಾಟೆ ಎಬ್ಬಿಸುವ ಕೋಳಿಗಳಿದ್ದರೆ ಕೊಕ್ಕಿನ ತುದಿಯನ್ನು ಸ್ವಲ್ಪ ಕತ್ತರಿಸಿಬಿಟ್ಟರೆ...”

ನರಸಿಂಹಯ್ಯನವರ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು. ಅಷ್ಟರಲ್ಲಿ ರಾಮಾಂಜಿನಪ್ಪ ಪ್ಲಗ್ಗು ಕಿತ್ತ. ಹಳೆಯ ಪೆಟ್ಟಿಗೆ ಒಮ್ಮೆಗೇ ಸಾಯಲಿಲ್ಲ. “ಸುಮ್ಮನಾಗುತ್ತವೆ” ಎಂಬ ಮಾತನ್ನು ಮೆಲ್ಲಮೆಲ್ಲಗೆ ಎಳೆದು ಮುಗಿಸಿಯೇ ನಿಂತಿತು.

ಆಮೇಲಿನ ಗದ್ದಲವನ್ನು ಬರೆಯುವುದು ಕಷ್ಟ. “ಮೋಸ! ಮ್ಯಾನೇಜ್‌ಮೆಂಟ್ ಟೇಪ್ ಹಾಕ್ಸಿದೆ!” ಎಂದು ಒಬ್ಬ ಕೂಗಿದ. ಮೇಲೆ ಕಿಟಕಿಯಲ್ಲಿ ಮ್ಯಾನೇಜರು ನಕ್ಕಿದ್ದನ್ನು ಇಪ್ಪತ್ತು ಜನ ಕಣ್ಣಾರೆ ಕಂಡರು. ಮ್ಯಾನೇಜರು ನಾಲ್ಕು ಗಂಟೆಗೇ ಮನೆಗೆ ಹೋಗಿದ್ದರು. ಹೊರಗೆ ಹೋದವರ ಹೊತ್ತು ಬರೆಯುವುದು ನನ್ನ ಕೆಲಸವಾದ್ದರಿಂದ ಬಲ್ಲೆ. ಕಿಟಕಿ ಮುಚ್ಚಲು ಬಂದಿದ್ದವನು ಜವಾನ. ಇದನ್ನು ಹೇಳಿದೆ. ನಾನು ಆಡಳಿತದ ಗುಮಾಸ್ತ, ನನ್ನ ಮಾತು ಯಾರಿಗೆ ಬೇಕು?

ಇನ್ಸ್‌ಪೆಕ್ಟರು ರಾಮಾಂಜಿನಪ್ಪನನ್ನು ಟೀ ಅಂಗಡಿಯಿಂದ ಎಳೆದು ತಂದರು.

“ಟೇಪ್ ರೆಕಾರ್ಡರ್ ಎಲ್ಲಿಟ್ಟಿದೀಯೋ?”

“ಇಲ್ಲ ಸಾರ್.”

“ಹಾಗಾದ್ರೆ ವೈರ್‌ಲೆಸ್ಸಾ? ಲೈಸೆನ್ಸ್ ತೆಗೆಸು.”

“ಕೋಳಿ ವಿಚಾರ ನಂಗೇನೂ ಗೊತ್ತಿಲ್ಲ ಸಾರ್. ನಾನು ವೈರಿಂಗ್ ಅಷ್ಟೇ ಮಾಡಿದ್ದು.”

ಇದೆಲ್ಲದರ ನಡುವೆ ಚಾಪೆಯ ಮೇಲೆ ಕೂತೇ ಇದ್ದ ಈಶ್ವರಮ್ಮ ಒಂದು ಮಾತು ಹೇಳಿದಳು. “ಅದು ರೇಡಿಯೋ ಕಣ್ರಣ್ಣ. ರೈತ್ರ ಕಾರ್ಯಕ್ರಮ. ದಿನಾ ಸಂಜೆ ಆರೂವರೆಗೆ ಬತ್ತದೆ. ನಮ್ಮನೆಯವ್ರು ಕೇಳೋರು.”

ನರಸಿಂಹಯ್ಯ ಅವಳ ಮುಂದೆ ಕೈ ಮುಗಿದರು. “ನೀವು ದುಃಖದಲ್ಲಿದ್ದೀರಿ ತಾಯಿ. ಈ ಪಿತೂರಿ ನಿಮಗೆ ಅರ್ಥವಾಗೋದಿಲ್ಲ.”

ಶನಿವಾರ ಬೆಳಗ್ಗೆ ಪರ್ಸನಲ್ ಆಫೀಸರು ರಾಮಾಂಜಿನಪ್ಪನನ್ನು ಕರೆಸಿ, ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಇದು ಮ್ಯಾನೇಜರೇ ಗುಟ್ಟಾಗಿ ಮಾಡಿಸಿದ ಕೆಲಸವೆಂದು ಅವರು ನಂಬಿದ್ದರು.

“ವೆರಿ ಕ್ಲೆವರ್, ರಾಮಾಂಜಿನಪ್ಪ. ಆದ್ರೆ ನಂಗೇನೂ ಗೊತ್ತಿಲ್ಲ, ನೀನೂ ಏನೂ ಹೇಳ್ಬೇಡ.”

ಹನ್ನೊಂದು ಗಂಟೆಗೆ ಮ್ಯಾನೇಜರು ಕರೆಸಿದರು. ಪರ್ಸನಲ್ ಆಫೀಸರೇ ಮಾಡಿಸಿದ್ದೆಂದು ಅವರ ತೀರ್ಮಾನ. “ಗುಡ್, ಗುಡ್. ಬಟ್ ನೆಕ್ಸ್ಟ್ ಟೈಮ್ ಕೋಳಿ ಬೇಡ. ಸ್ವಲ್ಪ ಡೀಸೆಂಟಾಗಿರ್ಲಿ” ಎಂದರು. ರಾಮಾಂಜಿನಪ್ಪ ಇಬ್ಬರ ಮುಂದೆಯೂ ನಿಜವನ್ನೇ ಹೇಳಿದ. ಎಂಥ ಗುಟ್ಟಿನ ಮನುಷ್ಯ ಎಂದು ಇಬ್ಬರೂ ಮೆಚ್ಚಿದರು. ಮಧ್ಯಾಹ್ನದಿಂದ ಅವನನ್ನು ಟೂಲ್ ಸ್ಟೋರ್ಸಿಗೆ ಹಾಕಿದರು. ಅಲ್ಲಿ ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು. ಇನ್ನೇನು ಸಾಕ್ಷಿ ಬೇಕು?

ಭಾನುವಾರ ಅವನ ಮನೆಯ ಬಾಗಿಲಿಗೆ ಯಾರೋ ಸತ್ತ ಕೋಳಿ ನೇತುಹಾಕಿದ್ದರು. ಭದ್ರಮ್ಮ ಅದನ್ನು ಬಿಚ್ಚಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, “ರೋಗದ್ದು” ಎಂದು ತಿಪ್ಪೆಗೆ ಎಸೆದಳು. ಕೊಡ ಹಿಡಿದು ಬೋರ್‌ವೆಲ್ಲಿಗೆ ಹೋದರೆ ಹೆಂಗಸರ ಸಾಲು ಮಾತು ನಿಲ್ಲಿಸಿತು.

“ಫ್ಯಾನು ಕೊಟ್ಟವ್ರಂತೆ?” ಎಂದಳು ಅಶ್ವತ್ಥಮ್ಮ. “ಸತ್ತೋನ ಎಸರಲ್ಲಿ ತಣ್ಣಗೆ ಗಾಳಿ ತಗಳೋದು ಎಲ್ರಿಗೂ ಬರಕಿಲ್ಲ ಬಿಡಮ್ಮ.”

ಭದ್ರಮ್ಮ ಖಾಲಿ ಕೊಡದೊಂದಿಗೆ ಮನೆಗೆ ಬಂದಳು. ಗಂಡನನ್ನು ಬೈಯುತ್ತಾಳೆಂದು ನಾನು ಎಣಿಸಿದ್ದೆ. ಬೈಯಲಿಲ್ಲವಂತೆ. ಇಡೀ ದಿನ ಅವನ ಜೊತೆ ಮಾತಾಡಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವನು ನನ್ನ ಕಿಟಕಿಗೆ ಹಣೆ ಒತ್ತಿ ಹೇಳಿದ.

ಯೂನಿಯನ್ನಿನ ಬೇಡಿಕೆ ಪಟ್ಟಿಯಲ್ಲಿ ಅಲ್ಲಿಯವರೆಗೆ ಈಶ್ವರಮ್ಮನ ಕೆಲಸ ಮೊದಲನೆಯದಾಗಿತ್ತು. ಈಗ ರಾಮಾಂಜಿನಪ್ಪನ ಮೇಲೆ ಕ್ರಮ ಮೊದಲನೆಯದಾಯಿತು. ಎರಡನೆಯದು, ಮ್ಯಾನೇಜರ್ ಕ್ಷಮೆ ಕೇಳಬೇಕು. ಮೂರನೆಯದು, ಎರಡನೆಯದನ್ನು ಬರವಣಿಗೆಯಲ್ಲಿ ಕೇಳಬೇಕು. ಈಶ್ವರಮ್ಮ ತನ್ನ ಅರ್ಜಿ ಏನಾಯಿತೆಂದು ಕೇಳಲು ಬಂದಾಗ ಪರ್ಸನಲ್ ಆಫೀಸರು, “ಯೂನಿಯನ್‌ನೋರೇ ಆ ವಿಷ್ಯ ಎತ್ತುತ್ತಿಲ್ವಲ್ಲಮ್ಮ” ಎಂದು ಕೈ ಚೆಲ್ಲಿದರು. ಅವಳು ಗೇಟಿನ ಹೊರಗಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು, ರೈಲಿನ ಹೊತ್ತಾಯಿತೆಂದು ಎದ್ದು ಹೋದಳು.

ಸೋಮವಾರ ರಾಮಾಂಜಿನಪ್ಪ ಆಂಪ್ಲಿಫೈಯರನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ನಲ್ಲಪ್ಪನ ಅಂಗಡಿಗೆ ಹೊತ್ತೊಯ್ದ. ನಲ್ಲಪ್ಪ ಅಡಿಯ ತಗಡು ಬಿಚ್ಚಿ, ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಈ ಬೆಸುಗೆ ಯಾರಪ್ಪ ಹಾಕಿದ್ದು? ಅಂಟ್ಕೊಂಡೇ ಇಲ್ಲ, ಸುಮ್ನೆ ಪಕ್ಕದಲ್ಲಿ ಕೂತಿದೆ. ಮೈಕಿಗೆ ಬೆಲ್ ವೈರಾ? ಮೈಕಿನ ವೈರಿಗೆ ಮೇಲೆ ತಂತಿ ಜಾಲರಿ ಇರ್ಬೇಕು ಕಣಯ್ಯ. ಮೂವತ್ತು ಗಜ ಬರಿ ವೈರು ಎಳೆದ್ರೆ ಅದು ಏರಿಯಲ್ಲು. ಊರಲ್ಲಿರೋ ಸ್ಟೇಷನ್ನೆಲ್ಲ ಹಿಡೀತದೆ.”

“ಮನೇಲಿ ಟೆಸ್ಟ್ ಮಾಡ್ದಾಗ ಬರ್ಲಿಲ್ವಲ್ಲ ಸಾರ್?”

“ಎಷ್ಟು ಗಂಟೆಗೆ ಮಾಡ್ದೆ?”

“ನಾಲ್ಕಕ್ಕೆ.”

“ಆ ಹೊತ್ತಲ್ಲಿ ಸ್ಟೇಷನ್ನೇ ಇರಲ್ಲ.”

ರಾಮಾಂಜಿನಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ. ನಲ್ಲಪ್ಪ ಕರುಣಾಳು. ಅವನು ಅಳುತ್ತಿದ್ದ ಹೊತ್ತಿನಲ್ಲಿ ಒಂದೊಂದೇ ವೈರು ಕಿತ್ತು, ಹೊಸದು ಹಾಕಿ, ಜಾಲರಿಯ ವೈರು ಬೆಸೆದು, ಪೆಟ್ಟಿಗೆ ಕಚ್ಚದಂತೆ ಮಾಡಿ, ಗುಬುಟಿಗೆ ಸ್ಕ್ರೂ ಹಾಕಿ, ಮೂವತ್ತು ವರ್ಷದ ಹಿಂದೆ ಹೊಸದಾಗಿ ತಂದ ದಿನ ಹೇಗಿತ್ತೋ ಹಾಗೆ ಮಾಡಿಕೊಟ್ಟರು. ಹಳೆಯ ವೈರುಗಳನ್ನು ಗುಜರಿಯವನಿಗೆ ಹಾಕಿದರು.

ರಾಮಾಂಜಿನಪ್ಪ ಮಂಗಳವಾರ ನರಸಿಂಹಯ್ಯನವರ ಮುಂದೆ ನಿಂತು, ತಾನು ನಿರಪರಾಧಿಯೆಂದು ತೋರಿಸುತ್ತೇನೆ, ಇದರಲ್ಲಿ ರೇಡಿಯೋ ತಾನಾಗಿ ಬರುತ್ತದೆ ಎಂದ. ಬುಧವಾರ ಸಂಜೆ ಆರೂವರೆಗೆ ಕ್ಯಾಂಟೀನಿನಲ್ಲಿ ಸಮಿತಿಯ ಹನ್ನೆರಡು ಜನ ಕೂತರು. ನಾನು ಸಾಕ್ಷಿ. ಅವನು ಸ್ವಿಚ್ಚು ಹಾಕಿದ. ವಾಲ್ವು ಕೆಂಪಾದವು. ಹನ್ನೆರಡು ಜನ ಕಿವಿಗೊಟ್ಟರು.

ಸದ್ದಿಲ್ಲ. ಗುಂಯ್ ಎಂಬ ಸದ್ದೂ ಇಲ್ಲ.

“ಈಗ ಬತ್ತದೆ” ಎಂದ.

ಕಾಲು ಗಂಟೆ ಕಾದರು. ಕ್ಯಾಂಟೀನಿನ ನಲ್ಲಿ ತೊಟ್ಟಿಕ್ಕುವುದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ರಾಮಾಂಜಿನಪ್ಪ ಬೆವರು ಒರೆಸಿಕೊಂಡು ಸ್ಕ್ರೂಡ್ರೈವರು ತೆಗೆದ. ವೈರು ಅಲುಗಿಸಿದ. ಪೆಟ್ಟಿಗೆಯನ್ನು 'ಮಾತಾಡಪ್ಪ, ಮಾತಾಡಪ್ಪ' ಎಂದು ಬೇಡಿದ, ಆ ಬೇಡಿಕೆಯೂ ಹಾರ್ನಿನಲ್ಲಿ ಸೊಗಸಾಗಿ ಮೊಳಗಿತು. ಸರಿ ಮಾಡಲು ಬಾರದವನಿಗೆ ಅದನ್ನು ಕೆಡಿಸಲೂ ಬರಲಿಲ್ಲ.

“ಸಂಗಾತಿಗಳೇ, ನೋಡಿದಿರಲ್ಲ” ಎಂದು ನರಸಿಂಹಯ್ಯ ಎದ್ದರು.

ಹೋಗುವಾಗ ಒಬ್ಬೊಬ್ಬರೂ ಅವನ ಕಡೆ ನೋಡಿ ಕೊಕ್ಕೊಕ್ಕೋ ಎಂದರು. ಅವರಲ್ಲಿ ಇಬ್ಬರು, ಮುನಿಯಣ್ಣನನ್ನು ಅವನ ಜೊತೆ ಎತ್ತಿದವರು.

ಗುರುವಾರ ಬೆಳಗ್ಗೆ ಈಶ್ವರಮ್ಮ ಬಾಗಲಗುಂಟೆಗೆ ಅವನ ಮನೆಗೆ ಬಂದಳು. ರಾಮಾಂಜಿನಪ್ಪ ಹಿತ್ತಲಿಗೆ ಓಡಿದ. ಭದ್ರಮ್ಮ ಅವಳಿಗೆ ಮಣೆ ಹಾಕಿ, ಗಂಡನನ್ನು ರಟ್ಟೆ ಹಿಡಿದು ಕರೆತಂದಳು. ಇದನ್ನೆಲ್ಲ ಆಮೇಲೆ ಅವನೇ ನನಗೆ ಹೇಳಿದ್ದು.

“ತಪ್ಪಾಯ್ತು ಕಣಕ್ಕ” ಎಂದ.

“ಅದಿರ್ಲಿ ಅಣ್ಣ. ಆ ಪೆಟ್ಟಿಗೆ ಈಗ ಸರೀಗೈತಾ?”

“ಸರೀಗೈತೆ. ಆಳಾಗೋಯ್ತು. ಈಗ ಮುಂದೆ ನಿಂತೋರ ಮಾತು ಬಿಟ್ರೆ ಇನ್ನೇನೂ ಬರಕಿಲ್ಲ ಅದ್ರಾಗೆ.”

“ಅಂಗಾದ್ರೆ ನಾಳೆ ಪಾಳಿ ಬದಲಾಗೋ ಒತ್ತಿಗೆ ತಗಂಡ್ ಬನ್ನಿ.”

“ನಾನು ಬಂದ್ರೆ ವೊಡೀತಾರೆ ಕಣಕ್ಕ.”

“ವೊಡಿಲಿ. ವೈರು ಮೊದ್ಲು ಹಾಕ್ಬುಡಿ, ಆಮೇಲೆ ವೊಡಿಸ್ಕಳಿ.”

ಶುಕ್ರವಾರ ಮೂರಕ್ಕೆ ಮೊದಲ ಪಾಳಿ ಹೊರಗೆ ಬರುತ್ತಿತ್ತು, ಎರಡನೆಯದು ಒಳಗೆ ಹೋಗಲು ನಿಂತಿತ್ತು. ಮ್ಯಾನೇಜರು ಮೇಲೆ ಕೋಣೆಯಲ್ಲಿದ್ದರು. ನನ್ನ ಪುಸ್ತಕದಲ್ಲಿ ಹಾಗೆಯೇ ಬರೆದಿತ್ತು. ಗುಂಪಿನಲ್ಲಿ ಯಾರೋ ರಾಮಾಂಜಿನಪ್ಪನ ಬೆನ್ನಿಗೆ ಗುದ್ದಿದರು, ಅಂಗಿಯ ಕಾಲರು ಹರಿಯಿತು. ಅವನು ತಲೆಯೆತ್ತದೆ ವೈರು ಹಾಕುತ್ತಲೇ ಇದ್ದ. ಈಶ್ವರಮ್ಮ ಮೈಕಿನ ಮುಂದೆ ನಿಂತದ್ದನ್ನು ಕಂಡು ಗುಂಪು ಹಿಂದೆ ಸರಿಯಿತು.

ಅವಳಿಗೆ ಭಾಷಣ ಬರುತ್ತಿರಲಿಲ್ಲ.

“ಸಾಹೇಬ್ರೇ, ನಾನು ಮುನಿಯಣ್ಣನ ಎಂಡ್ರು. ಆವತ್ತು ಅವ್ರು ಉಣ್ಣದೆ ಬಂದ್ರು. ಮುದ್ದೆ ತಡ ಆಯ್ತು, ರೈಲು ತಪ್ತದೆ ಅಂದ್ರು. ಚೈನು ಸವೆದೈತೆ, ಏಳಿದ್ರೂ ಕೇಳಕಿಲ್ಲ ಅಂತ ಮುಂಚಿನ ದಿನ ಮನೇಲಿ ಅಂದಿದ್ರು. ಬುಡಿ, ಇನ್ನೊಂದು ಸಲ ಏಳಿ ಅಂದೆ ನಾನು. ಅಷ್ಟೇ ನಾನು ಮಾಡಿದ್ದು. ನಂಗೆ ಇಬ್ರು ಎಣ್ಮಕ್ಳು. ಕೆಲ್ಸ ಕೊಡ್ತೀರೋ ಇಲ್ವೋ ಏಳಿ. ಏಳೋ ಗಂಟ ಇಲ್ಲೇ ನಿಂತಿರ್ತೀನಿ.”

ಇಷ್ಟು ಹೇಳಿ ಸುಮ್ಮನಾದಳು. ಆದರೆ ಮೈಕು ಬಿಡಲಿಲ್ಲ. ಅದನ್ನು ಎದೆಗೆ ಹಿಡಿದು ಮಹಡಿಯ ಕಿಟಕಿಯನ್ನೇ ನೋಡುತ್ತ ನಿಂತಳು. ಹಾರ್ನಿನಲ್ಲಿ ಅವಳ ಉಸಿರಾಟ ಕೇಳಿಸತೊಡಗಿತು. ಒಳಗೆ, ಹೊರಗೆ. ಅಷ್ಟು ದೊಡ್ಡದಾಗಿ ಒಬ್ಬರ ಉಸಿರನ್ನು ನಾನು ಎಂದೂ ಕೇಳಿರಲಿಲ್ಲ. ಅದು ಗೇಟು ದಾಟಿ, ಶೆಡ್ಡು ದಾಟಿ, ರಸ್ತೆಯಾಚೆಗೂ ಹೋಗುತ್ತಿತ್ತು. ಸೊಣ್ಣಮ್ಮ ಸ್ಟವ್ ಆರಿಸಿದಳು. ಎರಡನೆಯ ಪಾಳಿಯವರಿಗೆ ಒಳಗೆ ಹೋಗಬೇಡಿ ಎಂದು ಯಾರೂ ಹೇಳಲಿಲ್ಲ. ಆ ಉಸಿರನ್ನು ದಾಟಿ ಹೋಗಲು ಯಾರಿಗೂ ಕಾಲು ಬರಲಿಲ್ಲ. ನರಸಿಂಹಯ್ಯ ಎರಡು ಸಲ ಮೈಕಿಗೆ ಕೈ ಚಾಚಿದರು, ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡರು.

ನಲವತ್ತು ನಿಮಿಷ. ಮಹಡಿಯ ಕಿಟಕಿಯನ್ನು ಮೊದಲು ಮುಚ್ಚಿದರು. ಆಮೇಲೆ ಪರದೆ ಎಳೆದರು. ಆಮೇಲೆ ಪರ್ಸನಲ್ ಆಫೀಸರು ಇಳಿದು ಬಂದು, “ಸೋಮವಾರದಿಂದ ಬರೋಕೆ ಹೇಳಿ. ಪ್ಯಾಕಿಂಗಿಗೆ. ದಯವಿಟ್ಟು ಆ ಮೈಕ್ ಆಫ್ ಮಾಡ್ಸಿ” ಎಂದರು.

ಯೂನಿಯನ್ನಿನ ಹೋರಾಟಕ್ಕೆ ಜಯ ಎಂದು ಮರುದಿನ ಗೋಡೆಯ ಮೇಲೆ ಪೋಸ್ಟರು ಬಿತ್ತು. ರಾಮಾಂಜಿನಪ್ಪ ಇಬ್ಬರಿಗೂ ಬೇಡವಾದ. ಆಡಳಿತದವರಿಗೆ ಅವನು ಕೈಕೊಟ್ಟವನು, ಯೂನಿಯನ್‌ಗೆ ಹಳೆಯ ದ್ರೋಹಿ. ಫ್ಯಾನಿನ ಕೆಳಗಿನ ಕುರ್ಚಿ ಹೋಯಿತು. ಜಿಗಣಿಯಲ್ಲಿ ಆಗಷ್ಟೇ ತೆರೆಯುತ್ತಿದ್ದ ಹೊಸ ಘಟಕಕ್ಕೆ ವರ್ಗವಾಯಿತು. ಬಾಗಲಗುಂಟೆ ಊರಿನ ಈ ತುದಿ, ಜಿಗಣಿ ಆ ತುದಿ. ಹೋಗಲು ಮೂರು ಬಸ್ಸು, ಬರಲು ಮೂರು ಬಸ್ಸು.

ಸೋಮವಾರ ಬೆಳಗ್ಗೆ ಅವನು ವರ್ಗದ ಕಾಗದಕ್ಕೆ ಸಹಿ ಹಾಕಲು ನನ್ನ ಕಿಟಕಿಗೆ ಬಂದ. ಅಲ್ಲಿ ಈಶ್ವರಮ್ಮ ಆಗಲೇ ನಿಂತಿದ್ದಳು, ಪಾಳಿಗೆ ಇನ್ನೂ ಹತ್ತು ನಿಮಿಷವಿತ್ತು. ಒಗೆದ ಸೀರೆ, ಕೈಯಲ್ಲಿ ಬುತ್ತಿ. ನಾನು ಪುಸ್ತಕ ತಿರುಗಿಸಿ ಮುಂದಿಟ್ಟೆ. ಅಕ್ಷರ ಅಕ್ಷರವಾಗಿ ಹೆಸರು ಬರೆದಳು. ಆಮೇಲೆ ನಾನು ಮೊಳೆಯಿಂದ ಹಾಜರಿ ನಂಬರಿನ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಕೊಟ್ಟೆ. ಅದನ್ನು ಅಂಗೈಯಲ್ಲಿಟ್ಟು ನೋಡಿದಳು, ತಿರುಗಿಸಿ ನೋಡಿದಳು.

“ಎರಡ್ನೂರ ಹದ್ನಾಲ್ಕು. ಇದು ಅವ್ರದಲ್ವಾ ಸಾರ್?”

ಹೌದೆಂದೆ. ಖಾಲಿಯಾದ ನಂಬರನ್ನೇ ಕೊಡಬೇಕೆಂದು ಆಫೀಸಿನವರ ಅಪ್ಪಣೆ, ನನ್ನ ಕೈಯಲ್ಲಿಲ್ಲಮ್ಮ ಎಂದೆ.

ಅವಳು ಸೆರಗಿನ ತುದಿಯಿಂದ ಬಿಲ್ಲೆಯನ್ನು ಒರೆಸಿದಳು. ಅದರ ಮೇಲೆ ಕೂತ ಕಪ್ಪು ಒರೆಸಿದರೆ ಹೋಗುವ ಕೊಳೆಯಾಗಿರಲಿಲ್ಲ. ಹಿಂದಿನಿಂದ ರಾಮಾಂಜಿನಪ್ಪ ಮೆಲ್ಲಗೆ ಕೆಮ್ಮಿದ.

“ಅಕ್ಕ, ಸ್ಟೋರ್ಸಲ್ಲಿ ಇತ್ತಾಳೆ ತಗಡು ಐತೆ. ಐದು ನಿಮಿಷ ಇರಿ, ಬ್ಯಾರೆ ನಂಬರು ಕೊರೆದು ನಾನು ಒಂದು ಒಸಾದು ಮಾಡ್ಕೊಡ್ತೀನಿ.”

ಈಶ್ವರಮ್ಮ ತಿರುಗಿ ಅವನ ಹರಿದ ಕಾಲರನ್ನೂ ಮುಖವನ್ನೂ ನೋಡಿದಳು. ಆ ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಬ್ಯಾಡಿ ಕಣಣ್ಣ” ಎಂದಳು. “ನೀವು ಮಾತ್ರ ಬ್ಯಾಡಿ.”

ಸೈರನ್ ಕೂಗಿತು. ಬಿಲ್ಲೆಯನ್ನು ಬುತ್ತಿಯ ಚೀಲದೊಳಗೆ ಹಾಕಿಕೊಂಡು ಅವಳು ಒಳಗೆ ಹೋದಳು.